ಮೀಸಲು ಸೈನಿಕರ ಕುಟುಂಬಕ್ಕೆ ವೈದ್ಯಕೀಯ ಭದ್ರತೆ



ಹಗಲೆಲ್ಲ ತಾಲ್ಲೂಕು ಕಚೇರಿಯಲ್ಲಿಯೋ ಶಾಲೆಯಲ್ಲಿಯೋ ಸರ್ಕಾರದ ಕೆಲಸ ಮಾಡುವ ಕೆಲವರು ದೇಶರಕ್ಷಣೆಯ ಹೊಣೆಯನ್ನೂ ಹೊತ್ತಿರುತ್ತಾರೆ. ಟೆರಿಟೋರಿಯಲ್ ಆರ್ಮಿ ಎಂದು ಹೆಸರಾದ ಪ್ರಾದೇಶಿಕ ಸೇನೆಗೆ ಸೇರಿದವರು ಇಂಥವರು. 1948ರ ಕಾಯಿದೆಯಂತೆ ರಚನೆಯಾಗಿ 1949ರ ಅಕ್ಟೋಬರ್ 9ರಂದು ಉದ್ಘಾಟನೆಗೊಂಡ ಈ ಸೇನೆಯವರು ತಮ್ಮ ಉದ್ಯೋಗದಲ್ಲಿದ್ದುಕೊಂಡೇ ಶಿಕ್ಷಣ ಪಡೆಯುತ್ತಾರೆ; ಕರೆ ಬಂದಾಗ ಸಮವಸ್ತ್ರ ಧರಿಸಿ ಹೊರಡುತ್ತಾರೆ. ಇನ್ನು ಕೆಲವರು ಸೈನ್ಯದಲ್ಲಿ ಪೂರ್ಣಾವಧಿ ದುಡಿದು, ನಿವೃತ್ತಿ ವೇತನದೊಡನೆ ಊರಿಗೆ ಮರಳಿ, ಮತ್ತೆ ಸರ್ಕಾರದ ಸೇವೆಗೆ ಸೇರಿರುತ್ತಾರೆ.

ಇಂಥ ಮನೆಯ ಒಂದು ಸಂಜೆಯನ್ನು ಕಲ್ಪಿಸಿಕೊಳ್ಳಿ. ಪತಿ ಶಿಕ್ಷಣ ಶಿಬಿರಕ್ಕೆ ಹೋಗಿದ್ದಾನೆ. ಏಳು ತಿಂಗಳ ಗರ್ಭಿಣಿಯಾದ ಪತ್ನಿಗೆ ಕೈಕಾಲು ಮುಖ ಊದಿಕೊಂಡಿವೆ, ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗುತ್ತಿದೆ. ಮನೆಯಲ್ಲಿ ಅತ್ತೆಯೊಬ್ಬರೇ ಇದ್ದಾರೆ. ಯಾವ ಆಸ್ಪತ್ರೆಗೆ ಹೋಗಬೇಕು? ಯಾವ ಚೀಟಿ ತೋರಿಸಬೇಕು? ಖರ್ಚನ್ನು ಕೊಡುವವರು ಯಾರು? ಕಾಗದಗಳು ಟ್ರಂಕಿನಲ್ಲಿವೆ, ಟ್ರಂಕಿನ ಬೀಗದ ಕೈ ಪತಿಯ ಜೇಬಿನಲ್ಲಿದೆ. ಇಂಥ ಸಂಜೆ ನಿಮ್ಮ ಮನೆಗೆ ಬರುವ ಮೊದಲೇ ಈ ಪಾಠವನ್ನು ಇಬ್ಬರೂ ಕುಳಿತು ಓದಿರಿ.

ಕರೆಯ ದಿನಗಳು, ಉಳಿದ ದಿನಗಳು

ಪ್ರಾದೇಶಿಕ ಸೇನೆಯವರು ಕರೆಯಂತೆ ಸೇವೆಯಲ್ಲಿರುವ ಅವಧಿಯಲ್ಲಿ ಅವರಿಗೂ ಅವರನ್ನು ಅವಲಂಬಿಸಿದ ಕುಟುಂಬಕ್ಕೂ ಸೇನೆಯ ವೈದ್ಯಕೀಯ ಸೌಲಭ್ಯ ದೊರೆಯುತ್ತದೆ. ಆದರೆ ಆ ಅವಧಿ ಮುಗಿದು ಕಚೇರಿಗೆ ಮರಳಿದ ಮೇಲೆ ಆ ಸೌಲಭ್ಯ ನಿಲ್ಲುತ್ತದೆ. ವರ್ಷದ ಉಳಿದ ತಿಂಗಳುಗಳಲ್ಲಿ ಕುಟುಂಬವನ್ನು ಕಾಯುವುದು ಅವರ ಸರ್ಕಾರಿ ನೌಕರಿ. ಆದ್ದರಿಂದ ಪತಿಯು ಶಿಬಿರಕ್ಕೆ ಹೊರಡುವ ಮೊದಲು, ಸೇವೆ ಯಾವ ದಿನ ಆರಂಭವಾಗಿ ಯಾವ ದಿನ ಮುಗಿಯುವುದೆಂಬುದನ್ನು ಪತ್ನಿಗೆ ಬರೆದುಕೊಡಬೇಕು. ಆದೇಶದ ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟಿರಬೇಕು.

ರಾಜ್ಯ ಸರ್ಕಾರದ ನೌಕರರಿಗೆ

ಕರ್ನಾಟಕ ಸರ್ಕಾರದ ನೌಕರರಿಗೂ ಅವರ ಕುಟುಂಬಕ್ಕೂ 1963ರ ವೈದ್ಯಕೀಯ ಹಾಜರಾತಿ ನಿಯಮಗಳಂತೆ ಚಿಕಿತ್ಸೆಯ ವೆಚ್ಚವನ್ನು ಹಿಂದಕ್ಕೆ ಪಡೆಯುವ ಅವಕಾಶವಿತ್ತು. ಇದರಲ್ಲಿ ಮೊದಲು ಕೈಯಿಂದ ಖರ್ಚು ಮಾಡಿ, ಬಳಿಕ ಬಿಲ್ಲು ಸಲ್ಲಿಸಿ ಕಾಯಬೇಕಾಗಿತ್ತು. ಈ ಕಷ್ಟವನ್ನು ನೀಗಿಸಲು ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆಯು 2025ರಲ್ಲಿ ಜಾರಿಗೆ ಬಂದಿತು. ನೌಕರನ ವೃಂದಕ್ಕೆ ತಕ್ಕಂತೆ ತಿಂಗಳಿಗೆ 250 ರೂಪಾಯಿಯಿಂದ 1,000 ರೂಪಾಯಿಯವರೆಗೆ ವಂತಿಗೆಯು ವೇತನದಿಂದ ಕಡಿತವಾಗುತ್ತದೆ; ನೋಂದಾಯಿತ ಆಸ್ಪತ್ರೆಗಳಲ್ಲಿ ನಗದು ಕೊಡದೆ ಚಿಕಿತ್ಸೆ ಪಡೆಯಬಹುದು. ವೇತನದಿಂದ ವಂತಿಗೆ ಕಡಿತವಾಯಿತೆಂದು ಸುಮ್ಮನಿರಬೇಡಿ. ಪತ್ನಿ, ಮಕ್ಕಳು ಹಾಗೂ ಅವಲಂಬಿತ ತಂದೆತಾಯಿಯರ ಹೆಸರುಗಳು ದಾಖಲಾಗಿವೆಯೇ ಎಂದು ಕಚೇರಿಯಲ್ಲಿ ವಿಚಾರಿಸಿರಿ.

ಪಿಂಚಣಿ ಪಡೆದ ಸೈನಿಕರಿಗೆ

ಸೈನ್ಯದಿಂದ ಪಿಂಚಣಿ ಪಡೆಯುವವರಿಗಾಗಿ ಮಾಜಿ ಸೈನಿಕರ ವಂತಿಗೆ ಆರೋಗ್ಯ ಯೋಜನೆಯು 2003ರ ಏಪ್ರಿಲ್ 1ರಿಂದ ನಡೆಯುತ್ತಿದೆ. ಜನರ ಬಾಯಲ್ಲಿ ಇದು ಇ.ಸಿ.ಎಚ್.ಎಸ್. ಪ್ರಾದೇಶಿಕ ಸೇನೆಯಲ್ಲಿ ಅರ್ಹ ಸೇವೆ ಪೂರೈಸಿ ಪಿಂಚಣಿ ಪಡೆದವರನ್ನೂ ಮಾಜಿ ಸೈನಿಕರೆಂದೇ ಪರಿಗಣಿಸಲಾಗುತ್ತದೆ.

ಇದರ ವಂತಿಗೆಯನ್ನು ಜೀವಮಾನದಲ್ಲಿ ಒಮ್ಮೆ ಮಾತ್ರ ಕೊಡಬೇಕು. 2017ರ ಡಿಸೆಂಬರಿನಲ್ಲಿ ನಿಗದಿಯಾದ ದರದಂತೆ ಹವಾಲ್ದಾರ್ ದರ್ಜೆಯವರೆಗೆ 30,000 ರೂಪಾಯಿ, ಜೂನಿಯರ್ ಕಮಿಷನ್ಡ್ ಅಧಿಕಾರಿಗಳಿಗೆ 67,000 ರೂಪಾಯಿ, ಅಧಿಕಾರಿಗಳಿಗೆ 1,20,000 ರೂಪಾಯಿ. ಯುದ್ಧದಲ್ಲಿ ಮಡಿದವರ ಪತ್ನಿಯರಿಗೂ, 1996ರ ಜನವರಿ 1ಕ್ಕೆ ಮೊದಲು ನಿವೃತ್ತರಾದವರಿಗೂ ವಂತಿಗೆಯಿಲ್ಲ.

ಬೆಂಗಳೂರು, ಮೈಸೂರು, ಬೆಳಗಾವಿ, ಮಂಗಳೂರು, ಮಡಿಕೇರಿ ಮೊದಲಾದ ಕಡೆ ಈ ಯೋಜನೆಯ ಪಾಲಿಕ್ಲಿನಿಕ್‌ಗಳಿವೆ. ಸಾಮಾನ್ಯ ಕಾಯಿಲೆಗೆ ಮೊದಲು ಅಲ್ಲಿ ತೋರಿಸಬೇಕು. ಅಗತ್ಯವಿದ್ದರೆ ವೈದ್ಯರು ದೊಡ್ಡ ಆಸ್ಪತ್ರೆಗೆ ಚೀಟಿ ಕೊಡುತ್ತಾರೆ. ಪ್ರಾಣಾಪಾಯದ ಸಮಯದಲ್ಲಿ ಚೀಟಿಗಾಗಿ ಕಾಯಬೇಕಾಗಿಲ್ಲ. ಯಾವ ಆಸ್ಪತ್ರೆ ಹತ್ತಿರವೋ ಅಲ್ಲಿಗೆ ಹೋಗಿರಿ. ಆ ಆಸ್ಪತ್ರೆಯು ಯೋಜನೆಗೆ ಸೇರಿರದಿದ್ದರೆ 48 ಗಂಟೆಗಳೊಳಗೆ ಪಾಲಿಕ್ಲಿನಿಕ್‌ಗೆ ವಿಷಯ ತಿಳಿಸಿ, ಎಲ್ಲ ಬಿಲ್ಲುಗಳನ್ನೂ ಜೋಪಾನವಾಗಿಡಬೇಕು.

ಮಗನು ದುಡಿಯತೊಡಗುವವರೆಗೆ, ಇಲ್ಲವೇ ಮದುವೆಯಾಗುವವರೆಗೆ, ಇಲ್ಲವೇ 25 ವರ್ಷ ತುಂಬುವವರೆಗೆ—ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ—ಈ ರಕ್ಷಣೆಗೆ ಒಳಪಡುತ್ತಾನೆ. ಮಗಳಿಗೆ ವಯಸ್ಸಿನ ಮಿತಿಯಿಲ್ಲ. ದುಡಿಯತೊಡಗುವವರೆಗೆ ಅಥವಾ ಮದುವೆಯಾಗುವವರೆಗೆ ಸೌಲಭ್ಯವುಂಟು.

ಅಗ್ನಿವೀರರ ಮನೆಯವರು ಗಮನಿಸಿ

2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಂತೆ ನಾಲ್ಕು ವರ್ಷ ಸೇವೆ ಮಾಡಿ ಹೊರಬರುವವರಿಗೆ ಪಿಂಚಣಿಯೂ ಇಲ್ಲ, ಇ.ಸಿ.ಎಚ್.ಎಸ್. ಸದಸ್ಯತ್ವವೂ ಇಲ್ಲ. ಮಗನು ಸೈನ್ಯದಲ್ಲಿದ್ದನಲ್ಲಾ, ಆಸ್ಪತ್ರೆ ತಾನಾಗಿಯೇ ಸಿಗುತ್ತದೆಂದು ನಂಬಿ ಕೂರಬಾರದು. ಮುಂದಿನ ಉದ್ಯೋಗದಲ್ಲಿ ವೈದ್ಯಕೀಯ ಸೌಲಭ್ಯ ಯಾವುದೆಂಬುದನ್ನು, ವೇತನವನ್ನು ಕೇಳುವಷ್ಟೇ ಶ್ರದ್ಧೆಯಿಂದ ಕೇಳಿ ತಿಳಿಯಬೇಕು.

ಎರಡು ದಾರಿ ಇದ್ದಾಗ

ಸೈನ್ಯದ ಪಿಂಚಣಿಯೂ ರಾಜ್ಯದ ನೌಕರಿಯೂ ಇರುವ ಮನೆಯವರು ತಮ್ಮ ಸ್ಥಿತಿಯನ್ನು ಎರಡೂ ಕಚೇರಿಗಳಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಒಂದೇ ಚಿಕಿತ್ಸೆಯ ಹಣವನ್ನು ಎರಡು ಕಡೆ ಪಡೆಯುವುದು ತಪ್ಪು. ಆಯ್ಕೆಗೆ ಅವಕಾಶವಿದ್ದಲ್ಲಿ ಮೂರು ಮಾತುಗಳನ್ನು ತೂಗಿ ನೋಡಿರಿ. ಮೊದಲನೆಯದು, ನಿಮ್ಮ ಊರಿಗೆ ಯಾವ ಯೋಜನೆಯ ಆಸ್ಪತ್ರೆ ಹತ್ತಿರ? ಎರಡನೆಯದು, ವೃದ್ಧ ತಂದೆತಾಯಿಗೆ ಯಾವುದರಲ್ಲಿ ಸ್ಥಾನವಿದೆ? ಮೂರನೆಯದು, ನೌಕರಿ ಮುಗಿದ ಮೇಲೂ ಉಳಿಯುವ ರಕ್ಷಣೆ ಯಾವುದು? ಸೈನ್ಯದ ಸದಸ್ಯತ್ವವು ಜೀವಮಾನದ್ದು ಎಂಬುದನ್ನು ಮರೆಯಬಾರದು.

ಪತ್ನಿಯ ಹೆಸರು ಕಾಗದದಲ್ಲಿರಲಿ

ಎಷ್ಟೋ ಮನೆಗಳಲ್ಲಿ ಅಡ್ಡಿಯಾಗುವುದು ಹಣದ ಕೊರತೆಯಲ್ಲ, ಹೆಸರಿನ ಕೊರತೆ. ಪಿಂಚಣಿ ಆದೇಶದಲ್ಲಿ ಪತ್ನಿಯ ಹೆಸರಿಲ್ಲದಿರುವುದು, ಅಲ್ಲಿ ಒಂದು ಹೆಸರು ಆಧಾರ್‌ನಲ್ಲಿ ಇನ್ನೊಂದು ಹೆಸರು ಇರುವುದು, ಹುಟ್ಟಿದ ಮಗುವನ್ನು ದಾಖಲಿಸದಿರುವುದು—ಇವು ಚಿಕ್ಕ ತಪ್ಪುಗಳಂತೆ ಕಂಡರೂ ಆಸ್ಪತ್ರೆಯ ಬಾಗಿಲಲ್ಲಿ ದೊಡ್ಡವಾಗುತ್ತವೆ. ಮದುವೆಯಾದೊಡನೆ, ಮಗು ಹುಟ್ಟಿದೊಡನೆ ದಾಖಲೆ ಮಾಡಿಸಿರಿ. ತಿದ್ದುಪಡಿಗೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಮಾರ್ಗದರ್ಶನ ಪಡೆಯಬಹುದು. ಕಾರ್ಡು, ಪಿಂಚಣಿ ಆದೇಶದ ಪ್ರತಿ, ತಾಯಿ ಕಾರ್ಡು ಇವೆಲ್ಲ ಒಂದೇ ಚೀಲದಲ್ಲಿದ್ದು, ಆ ಚೀಲ ಪತ್ನಿಯ ಕೈಗೆಟಕುವಂತಿರಲಿ.

ಆ ಸಂಜೆ ಏನು ಮಾಡಬೇಕು?

ಮೊದಲು ಹೇಳಿದ ಗರ್ಭಿಣಿಯ ಕಡೆಗೆ ಮರಳೋಣ. ಊತ, ತೀವ್ರ ತಲೆನೋವು, ಕಣ್ಣು ಮಂಜಾಗುವುದು ಇವು ರಕ್ತದೊತ್ತಡ ಏರಿರುವುದರ ಲಕ್ಷಣಗಳಾಗಿರಬಹುದು; ತಡಮಾಡಿದರೆ ತಾಯಿಗೂ ಮಗುವಿಗೂ ಅಪಾಯ. ಆಕೆ ಯಾವ ಕಾರ್ಡನ್ನೂ ಹುಡುಕುತ್ತ ಕೂರಬೇಕಾಗಿಲ್ಲ. 108ಕ್ಕೆ ಕರೆ ಮಾಡಿ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯೂ, ಅಗತ್ಯಬಿದ್ದರೆ ಶಸ್ತ್ರಕ್ರಿಯೆಯೂ, ಔಷಧಿ, ಪರೀಕ್ಷೆ, ಆಹಾರಗಳೂ ಉಚಿತ. ಸೈನಿಕನ ಪತ್ನಿಯಾಗಲಿ, ಕೂಲಿಕಾರನ ಪತ್ನಿಯಾಗಲಿ ಇದರಲ್ಲಿ ಭೇದವಿಲ್ಲ. ಮೊದಲು ಜೀವ, ಆಮೇಲೆ ಕಾಗದ.

ಮನನ ಮಾಡಿಕೊಳ್ಳಿ

1. ನಿಮ್ಮ ಕುಟುಂಬವು ಈ ತಿಂಗಳು ಯಾವ ಯೋಜನೆಯ ರಕ್ಷಣೆಯಲ್ಲಿದೆ?
2. ಮನೆಯ ಎಲ್ಲರ ಹೆಸರೂ ಅದರಲ್ಲಿ ಸರಿಯಾಗಿ ದಾಖಲಾಗಿದೆಯೇ?
3. ಹತ್ತಿರದ ಪಾಲಿಕ್ಲಿನಿಕ್ ಹಾಗೂ ನೋಂದಾಯಿತ ಆಸ್ಪತ್ರೆ ಯಾವುವು?
4. ಪತಿ ಊರಲ್ಲಿಲ್ಲದಾಗ ಕಾಗದದ ಚೀಲ ಎಲ್ಲಿದೆಯೆಂದು ಪತ್ನಿಗೆ ತಿಳಿದಿದೆಯೇ?

ಈ ನಾಲ್ಕು ಪ್ರಶ್ನೆಗಳಿಗೆ ಪತಿಪತ್ನಿಯರಿಬ್ಬರೂ ಒಂದೇ ಉತ್ತರ ಕೊಡುವಂತಾದರೆ ಈ ಪಾಠ ಸಾರ್ಥಕವಾಯಿತೆಂದು ತಿಳಿಯಿರಿ. ದೇಶವನ್ನು ಕಾಯಲು ಹೊರಟವನ ಮನಸ್ಸು ನಿಶ್ಚಿಂತೆಯಿಂದಿರಬೇಕಾದರೆ, ಮನೆಯನ್ನು ಕಾಯುವವಳ ಕೈಯಲ್ಲಿ ತಿಳಿವಳಿಕೆಯಿರಬೇಕು.