ಲೂಪ್ ಬರೆಯುವ ಮುನ್ನ

ಆರ್ ಭಾಷೆಯಲ್ಲಿ ಫಾರ್ ಲೂಪ್ ಬರೆಯಲು ಹಿಂಜರಿಯಬೇಡಿ. ಲೂಪ್ ಎಂದರೆ ನಿಧಾನ ಎಂಬ ಮಾತು ಪೂರ್ತಿ ನಿಜವಲ್ಲ. ಉತ್ತರಗಳ ವೆಕ್ಟರಿಗೆ ಸಿ() ಬಳಸಿ ಒಂದೊಂದೇ ಅಂಶ ಅಂಟಿಸುತ್ತಾ ಹೋದರೆ ಇಡೀ ವೆಕ್ಟರ್ ಪ್ರತಿ ಸುತ್ತಿನಲ್ಲೂ ಹೊಸದಾಗಿ ನಕಲಾಗುತ್ತದೆ, ತಡವಾಗುವುದು ಅಲ್ಲಿ. 10,000 ಉತ್ತರ ಬೇಕಿದ್ದರೆ ಲೂಪಿಗೆ ಮೊದಲೇ ನ್ಯೂಮೆರಿಕ್(10000) ಎಂದು ಜಾಗ ಕಾದಿರಿಸಿ, ಆಮೇಲೆ ತುಂಬುತ್ತಾ ಹೋಗಿ.

ಸುತ್ತು ಎಣಿಸಲು 1:ಲೆಂತ್(ಎಕ್ಸ್) ಬೇಡ. ಎಕ್ಸ್ ಖಾಲಿಯಿದ್ದರೆ ಅದು 1, 0 ಎಂದಾಗಿ, ಲೂಪ್ ಎರಡು ಸುತ್ತು ಓಡಿಬಿಡುತ್ತದೆ. ಸೀಕ್_ಅಲಾಂಗ್(ಎಕ್ಸ್) ಬರೆದರೆ ಒಂದೂ ಓಡುವುದಿಲ್ಲ.

ಇಡೀ ಕಾಲಂಗೆ ಒಂದೇ ಲೆಕ್ಕವಾದರೆ ಲೂಪೇ ಬೇಡ. ಕೂಡು, ಕಳೆ, ಗುಣಾಕಾರ ನೇರವಾಗಿ ವೆಕ್ಟರ್ ಮೇಲೆಯೇ ನಡೆಯುತ್ತವೆ. ಲೂಪ್ ಬೇಕೇ ಬೇಕಾದರೆ ಮೊದಲು ಮೂರು ಸುತ್ತು ಓಡಿಸಿ, ಉತ್ತರವನ್ನು ಕೈಯಲ್ಲಿ ಲೆಕ್ಕ ಹಾಕಿ ತಾಳೆ ನೋಡಿ, ಆಮೇಲೆ ಪೂರ್ತಿ ಓಡಿಸಿ.