ಕಳ್ಳಿ ಎಂದರೆ ಮರುಭೂಮಿಯೇ? ಡ್ರ್ಯಾಗನ್ ಹಣ್ಣಿನ ಗಿಡದ ಮೂಲಕ ಹೊಂದಾಣಿಕೆಯ ಪಾಠ

ವಿಷಯ: ವಿಜ್ಞಾನ
ತರಗತಿ: 6
ಘಟಕ: ಆವಾಸ ಮತ್ತು ಹೊಂದಾಣಿಕೆ
ಅವಧಿ: 40 ನಿಮಿಷಗಳ ಎರಡು ಪಿರಿಯಡ್

ಪಾಠದ ಹಿನ್ನೆಲೆ

ಹೊಂದಾಣಿಕೆಯ ಪಾಠದಲ್ಲಿ ಕಳ್ಳಿ ಗಿಡ ತಪ್ಪದೆ ಬರುತ್ತದೆ. ಎಲೆಗಳು ಮುಳ್ಳಾಗಿವೆ, ಹಸಿರು ಕಾಂಡ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಆದ್ದರಿಂದ ಅದು ಮರುಭೂಮಿಯಲ್ಲಿ ಬದುಕುತ್ತದೆ ಎಂದು ಕಲಿಸುತ್ತೇವೆ. ಈ ವಿವರಣೆ ಸರಿಯಾದದ್ದೇ. ಆದರೆ ಬೋಧನಾಭ್ಯಾಸದ ಶಾಲೆಯಲ್ಲಿ ಪೂರ್ವಜ್ಞಾನ ತಿಳಿಯಲು "ಕಳ್ಳಿಯನ್ನು ಮನೆಯಲ್ಲಿ ಬೆಳೆಸಲು ಏನೇನು ಬೇಕು?" ಎಂದು ಕೇಳಿದಾಗ ಹೆಚ್ಚಿನ ಮಕ್ಕಳು "ಮರಳು, ಜೋರು ಬಿಸಿಲು, ನೀರು ಬೇಡ" ಎಂದು ಬರೆದರು. ಪಠ್ಯದ ಒಂದು ಉದಾಹರಣೆ ಅವರ ಮನಸ್ಸಿನಲ್ಲಿ ಎಲ್ಲ ಕಳ್ಳಿಗಳ ನಿಯಮವಾಗಿಬಿಟ್ಟಿತ್ತು.

ನಮ್ಮ ಮನೆಯ ತಾರಸಿಯ ಡ್ರಮ್ಮಿನಲ್ಲಿ ಬೆಳೆಯುತ್ತಿರುವ ಡ್ರ್ಯಾಗನ್ ಹಣ್ಣಿನ ಗಿಡ ಈ ನಿಯಮಕ್ಕೆ ಒಗ್ಗುವುದಿಲ್ಲ. ಅದೂ ಕಳ್ಳಿಯ ಕುಟುಂಬದ್ದೇ. ಆದರೆ ಅದರ ತವರು ಮರಳುಗಾಡಲ್ಲ, ದಕ್ಷಿಣ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡುಗಳು. ಅಲ್ಲಿ ಅದು ಮರಗಳನ್ನು ಹಿಡಿದು ಹತ್ತುತ್ತದೆ. ಆದ್ದರಿಂದ ಇದನ್ನೇ ಪಾಠದ ಎರಡನೆಯ ಉದಾಹರಣೆಯಾಗಿ ಆರಿಸಿಕೊಂಡೆ.

ಕಲಿಕಾ ಉದ್ದೇಶಗಳು

1. ವಿದ್ಯಾರ್ಥಿಯು ಗಿಡದ ಭಾಗಗಳನ್ನು ಗಮನಿಸಿ ಅದರ ಮೂಲ ಆವಾಸವನ್ನು ಊಹಿಸುವನು.
2. ಒಂದೇ ಕುಟುಂಬದ ಎರಡು ಗಿಡಗಳ ಹೊಂದಾಣಿಕೆಗಳನ್ನು ಹೋಲಿಸುವನು.
3. ಆವಾಸದ ತಿಳಿವಳಿಕೆಯನ್ನು ಗಿಡದ ಆರೈಕೆಗೆ ಅನ್ವಯಿಸುವನು.

ಕಲಿಕೋಪಕರಣಗಳು

ಬೇರು ಬಿಟ್ಟಿರುವ ಡ್ರ್ಯಾಗನ್ ಗಿಡದ ಕಾಂಡದ ತುಂಡುಗಳು, ಪಾಪಸುಕಳ್ಳಿಯ ತುಂಡು, ಕರಿಮೆಣಸಿನ ಬಳ್ಳಿಯ ತುಂಡು, ಭೂತಗನ್ನಡಿ, ವಿಶ್ವಭೂಪಟ, ಹೂ ಅರಳುವ ಹಂತಗಳ ಚಿತ್ರಗಳು. ಪಾಪಸುಕಳ್ಳಿಯ ಸಣ್ಣ ಮುಳ್ಳುಗಳು ಚರ್ಮಕ್ಕೆ ಹೊಕ್ಕರೆ ತೆಗೆಯುವುದು ಕಷ್ಟ. ಅದನ್ನು ಮುಚ್ಚಳವಿರುವ ಪಾರದರ್ಶಕ ಡಬ್ಬಿಯಲ್ಲಿಟ್ಟೇ ತೋರಿಸಬೇಕು.

ಪಾಠದ ಬೆಳವಣಿಗೆ

ತೊಡಗಿಸುವುದು: ಗಿಡದ ಹೆಸರು ಹೇಳದೆ ತುಂಡುಗಳನ್ನು ಗುಂಪುಗಳಿಗೆ ಕೊಟ್ಟು, "ಇದು ಎಲ್ಲಿಂದ ಬಂದಿರಬಹುದು? ಗಿಡವನ್ನೇ ಕೇಳಿ" ಎಂದೆ. ಬಣ್ಣ, ಮುಳ್ಳು ನೋಡಿ "ಮರುಭೂಮಿ" ಎಂಬ ಉತ್ತರ ಬೇಗನೆ ಬಂತು. ಅದನ್ನು ಸರಿ ಎನ್ನಲಿಲ್ಲ, ತಪ್ಪು ಎನ್ನಲೂ ಇಲ್ಲ. ಕಪ್ಪುಹಲಗೆಯ ಒಂದು ಬದಿಯಲ್ಲಿ ಬರೆದಿಟ್ಟೆ.

ಅನ್ವೇಷಿಸುವುದು: ಮೂರು ತುಂಡುಗಳನ್ನೂ ಹೋಲಿಸಿ ಪಟ್ಟಿ ಮಾಡಲು ತಿಳಿಸಿದೆ. ಡ್ರ್ಯಾಗನ್ ಗಿಡದ ಕಾಂಡಕ್ಕೆ ಮೂರು ಏಣುಗಳಿವೆ, ಮುಳ್ಳುಗಳು ತೀರ ಚಿಕ್ಕವು, ಕಾಂಡದ ಬದಿಯಿಂದ ಕಂದು ಬೇರುಗಳು ಹೊರಟಿವೆ ಎಂದು ಮಕ್ಕಳು ಗುರುತಿಸಿದರು. ಪಾಪಸುಕಳ್ಳಿಯಲ್ಲಿ ಅಂಥ ಬೇರು ಕಾಣಲಿಲ್ಲ. ಆಗ ಒಬ್ಬ ಹುಡುಗಿ, "ಟೀಚರ್, ಇದು ಮೆಣಸಿನ ಬಳ್ಳಿ ಥರಾನೇ ಬೇರು ಬಿಟ್ಟಿದೆ. ಇದಕ್ಕೂ ಹತ್ತೋಕೆ ಮರ ಬೇಕೇನೋ" ಎಂದಳು. ಇಡೀ ಪಾಠ ತಿರುಗಿದ್ದು ಈ ಮಾತಿನಿಂದ. ಮರ ಬೇಕು ಎಂದಾದರೆ ಮರಗಳಿರುವ ಜಾಗ ಬೇಕು. ಹಾಗಾದರೆ ಮರುಭೂಮಿ ಹೇಗಾದೀತು? ಹಲಗೆಯ ಮೇಲಿದ್ದ ಉತ್ತರವನ್ನು ಮಕ್ಕಳೇ ಬಂದು ಅಳಿಸಿದರು.

ವಿವರಿಸುವುದು: ಭೂಪಟದಲ್ಲಿ ಗಿಡದ ತವರನ್ನು ತೋರಿಸಿ, ಪ್ರತಿಯೊಂದು ಗುಣವನ್ನು ಆರೈಕೆಯ ಜೊತೆ ಜೋಡಿಸಿದೆವು.

ಮರ ಹತ್ತುವ ಗಿಡ: ಆದ್ದರಿಂದ ಡ್ರಮ್ಮಿನ ನಡುವೆ ಗಟ್ಟಿ ಕಂಬ ಬೇಕು. ತುದಿಯಲ್ಲಿ ಹಳೆಯ ಸ್ಕೂಟರ್ ಟೈರ್ ಕಟ್ಟಿದರೆ ಕೊಂಬೆಗಳು ಅದರ ಮೇಲಿಂದ ಇಳಿಬೀಳುತ್ತವೆ.

ಮರದ ನೆರಳಿಗೆ ಒಗ್ಗಿದ ಗಿಡ: ಅದಕ್ಕೆ ಬಿಸಿಲು ಬೇಕು, ಆದರೆ ಏಪ್ರಿಲ್-ಮೇ ತಿಂಗಳ ಸುಡುಬಿಸಿಲಿಗೆ ಕಾಂಡ ಹಳದಿಯಾಗಿ ಬೇಯುತ್ತದೆ. ಆಗ ನೆರಳು ಬಲೆ ಕಟ್ಟಬೇಕು.

ರಸಭರಿತ ಕಾಂಡ, ಮೇಲ್ಮಟ್ಟದ ಬೇರು: ಮರುಭೂಮಿಯ ಕಳ್ಳಿಗಿಂತ ಹೆಚ್ಚು ನೀರು ಬೇಕು, ಆದರೆ ನೀರು ನಿಂತರೆ ಕೊಳೆಯುತ್ತದೆ. ಡ್ರಮ್ಮಿನ ತಳದಲ್ಲಿ ತೂತುಗಳಿರಬೇಕು. ಕೆಂಪುಮಣ್ಣಿಗೆ ಮರಳು ಮತ್ತು ಕಾಂಪೋಸ್ಟ್ ಬೆರೆಸಬೇಕು.

ರಾತ್ರಿ ಅರಳುವ ದೊಡ್ಡ ಬಿಳಿ ಹೂ: ತವರಿನಲ್ಲಿ ಬಾವಲಿ ಮತ್ತು ದೊಡ್ಡ ಪತಂಗಗಳು ಪರಾಗಸ್ಪರ್ಶ ಮಾಡುತ್ತವೆ. ಹೂವಿನ ಆಯುಸ್ಸು ಒಂದೇ ರಾತ್ರಿ, ಬೆಳಿಗ್ಗೆ ಬಿಸಿಲೇರುವಷ್ಟರಲ್ಲಿ ಬಾಡುತ್ತದೆ. ಕೆಲವು ತಳಿಗಳಿಗೆ ಬೇರೆ ತಳಿಯ ಪರಾಗ ಬೇಕು. ಮನೆಯಲ್ಲಿ ಮೃದುವಾದ ಬ್ರಷ್‌ನಿಂದ ಪರಾಗವನ್ನು ಶಲಾಕಾಗ್ರಕ್ಕೆ ಮುಟ್ಟಿಸಬಹುದು.

ಶಿಕ್ಷಕರಿಗೆ ತಿಳಿದಿರಬೇಕಾದ ಇನ್ನೊಂದು ಅಂಶವಿದೆ. ಎರಡೂ ಕಳ್ಳಿಗಳು ಪತ್ರರಂಧ್ರಗಳನ್ನು ಮುಖ್ಯವಾಗಿ ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುತ್ತವೆ. ಹೀಗೆ ಹಗಲಿನ ನೀರಿನ ನಷ್ಟ ತಪ್ಪುತ್ತದೆ. ಒಂದೇ ಕುಟುಂಬ ಎಂಬುದು ಇಲ್ಲಿ ಕಾಣುತ್ತದೆ. ಆವಾಸ ಬೇರೆ ಎಂಬುದು ಬೇರು, ಮುಳ್ಳುಗಳಲ್ಲಿ ಕಾಣುತ್ತದೆ.

ವಿಸ್ತರಿಸುವುದು: ಎರಡನೆಯ ಪಿರಿಯಡ್‌ನಲ್ಲಿ ಶಾಲೆಯ ಅಂಗಳದಲ್ಲಿ ಕಾಂಡ ನೆಟ್ಟೆವು. ಸುಮಾರು 25 ಸೆಂ.ಮೀ. ತುಂಡನ್ನು ಕತ್ತರಿಸಿ, ನೆರಳಿನಲ್ಲಿ ಒಂದು ವಾರ ಒಣಗಿಸಿ ಗಾಯ ಮಾಯಿಸಿ ತಂದಿದ್ದೆ. ಬುಡ ಕೆಳಗೇ ಬರುವಂತೆ ನೆಡಬೇಕು. ಹೊರದೇಶದ ಗಿಡಗಳ ಚರ್ಚೆಯೂ ಇಲ್ಲೇ ಬಂತು. "ನಮ್ಮ ಮನೆಯಲ್ಲಿ ಹೊರಗಿನಿಂದ ಬಂದ ಗಿಡ ಇನ್ನಾವುದಿದೆ?" ಎಂಬ ಪ್ರಶ್ನೆಗೆ ಮೊದಲು ಯಾರೂ ಕೈ ಎತ್ತಲಿಲ್ಲ. ಪರಂಗಿ, ಸೀಮೆ ಬದನೆ ಎಂಬ ಹೆಸರುಗಳನ್ನು ಬಿಡಿಸಿ ನೋಡಲು ಹೇಳಿದಾಗ ನಗು ಎದ್ದಿತು. ಮೆಣಸಿನಕಾಯಿ, ಟೊಮ್ಯಾಟೊ, ಗೋಡಂಬಿಯೂ ಅಮೆರಿಕ ಖಂಡದವೇ. ನಾವು 'ನಮ್ಮೂರ ಕಳ್ಳಿ' ಎನ್ನುವ ಪಾಪಸುಕಳ್ಳಿಯೂ ಅಲ್ಲಿಯದೇ. ಅಲಂಕಾರಕ್ಕೆಂದು ತಂದ ಲಂಟಾನ ಬಂಡೀಪುರದಂಥ ಕಾಡುಗಳನ್ನು ಆವರಿಸಿರುವುದನ್ನೂ ಹೇಳಿ, ಹೊಸ ಗಿಡ ತರುವಾಗ ಅದು ಹರಡುವ ಬಗೆಯನ್ನೂ ವಿಚಾರಿಸಬೇಕೆಂದು ತಿಳಿಸಿದೆ.

ಮೌಲ್ಯಮಾಪನ

ಪ್ರಶ್ನೆಪತ್ರಿಕೆ ಸಿದ್ಧವಾಗಿತ್ತು. ಅಷ್ಟರಲ್ಲಿ ಒಬ್ಬ ಹುಡುಗ ಎದ್ದು, "ನಮ್ಮಪ್ಪ ಹಿತ್ತಲಲ್ಲಿ ಮೂರು ಗಿಡ ಹಾಕಿದ್ರು. ಎಲ್ಲಾ ಹಳದಿ ಆಗಿದೆ. ಫಾರಿನ್ ಗಿಡ ನಮ್ಮೂರಲ್ಲಿ ಬರಲ್ಲ, ಕಿತ್ತುಹಾಕ್ತೀನಿ ಅಂತಿದ್ದಾರೆ" ಎಂದ. ಇದಕ್ಕಿಂತ ಒಳ್ಳೆಯ ಪ್ರಶ್ನೆ ನನ್ನ ಪತ್ರಿಕೆಯಲ್ಲಿರಲಿಲ್ಲ. ಅದನ್ನೇ ತರಗತಿಗೆ ಕೊಟ್ಟೆ. ಮಕ್ಕಳು ಅವನನ್ನು ವಿಚಾರಿಸತೊಡಗಿದರು: ಕಂಬ ಇದೆಯೇ? ಯಾವ ಬದಿ ಹಳದಿ? ನೀರು ನಿಲ್ಲುತ್ತದೆಯೇ? ಬುಡ ಮೆತ್ತಗಾಗಿದೆಯೇ? ಪಡುವಣ ಬಿಸಿಲು ಬೀಳುವ ಬದಿ ಮಾತ್ರ ಹಳದಿ, ಬುಡ ಗಟ್ಟಿಯಾಗಿದೆ ಎಂದು ತಿಳಿದ ಮೇಲೆ, ಕೀಳುವುದು ಬೇಡ, ಮೊದಲು ನೆರಳು ಕಟ್ಟಿ ನೋಡಿ ಎಂದು ತೀರ್ಮಾನಿಸಿದರು. ಮೂರನೆಯ ಉದ್ದೇಶ ಈಡೇರಿದ್ದಕ್ಕೆ ಇದೇ ಸಾಕ್ಷಿ. ಈ ಬೆಳೆಗೆ ತುಮಕೂರು ಬಳಿಯ ಹಿರೇಹಳ್ಳಿಯ ತೋಟಗಾರಿಕಾ ಕೇಂದ್ರದಲ್ಲಿ ಉತ್ಕೃಷ್ಟತಾ ಕೇಂದ್ರ ಮಂಜೂರಾಗಿರುವುದನ್ನು ಅವನ ತಂದೆಗೆ ತಿಳಿಸಲೆಂದು ಚೀಟಿಯಲ್ಲಿ ಬರೆದುಕೊಟ್ಟೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಸಲಹೆಗಳು

1. ಯಾವುದೇ ಪರಿಕಲ್ಪನೆಗೆ ಪಠ್ಯದ ಉದಾಹರಣೆಯ ಜೊತೆಗೆ, ಅದಕ್ಕೆ ಪೂರ್ತಿ ಹೊಂದದ ಇನ್ನೊಂದನ್ನು ತರಗತಿಗೆ ತನ್ನಿ. ಒಂದೇ ಉದಾಹರಣೆಯಿಂದ ವ್ಯಾಖ್ಯೆ ಬಾಯಿಪಾಠವಾಗುತ್ತದೆ, ಎರಡಾದರೆ ಹೋಲಿಕೆ ಶುರುವಾಗುತ್ತದೆ.
2. ಡ್ರ್ಯಾಗನ್ ಗಿಡ ಸಿಗದಿದ್ದರೆ ಮೆಣಸಿನ ಬಳ್ಳಿ, ವೀಳ್ಯದ ಬಳ್ಳಿ, ಮನಿಪ್ಲಾಂಟ್‌ನಿಂದಲೂ ಹತ್ತುವ ಬೇರಿನ ಪಾಠ ಮಾಡಬಹುದು.
3. ತುಂಡುಗಳನ್ನು ಒಂದು ವಾರ ಮೊದಲೇ ಸಿದ್ಧಮಾಡಿಕೊಳ್ಳಿ. ಬೇರು ಬರಲು ಕೆಲವು ವಾರಗಳು ಬೇಕಾಗುವುದರಿಂದ, ಬೋಧನಾಭ್ಯಾಸ ಮುಗಿದ ಮೇಲೆ ಗಿಡದ ಹೊಣೆಯನ್ನು ಶಾಲೆಯ ಪರಿಸರ ಸಂಘಕ್ಕೆ ವಹಿಸಿ.
4. "ಹೊಂದಾಣಿಕೆ ಎಂದರೇನು?" ಎಂದು ಕೇಳುವ ಬದಲು "ಈ ಗಿಡವನ್ನು ನಿಮ್ಮ ಮನೆಯಲ್ಲಿ ಎಲ್ಲಿಡುತ್ತೀರಿ, ಏಕೆ?" ಎಂದು ಕೇಳಿ. ಆ 'ಏಕೆ'ಗೆ ಬರುವ ಉತ್ತರದಲ್ಲೇ ಮಗು ಕಲಿತದ್ದು ತಿಳಿಯುತ್ತದೆ.