ಟೆಂಪೊ ಬಾಡಿಗೆ ಸೇರಿಸಿ ಲೆಕ್ಕ ಹಾಕಿ

ಎರಡು ಟಾಪು, ಎರಡು ಬಾಸು, ಮಿಕ್ಸರ್, ಮಾನಿಟರ್, ಕಾರ್ಡ್‌ಲೆಸ್ ಮೈಕು, ಕೇಬಲ್ಲು, ಸ್ಟ್ಯಾಂಡು ಎಲ್ಲ ಸೇರಿ 2,40,000 ರೂಪಾಯಿ. 2022ರ ಶ್ರಾವಣದಲ್ಲಿ, ಗಣಪತಿ ಹಬ್ಬಕ್ಕೆ ಮುಂಚೆ, ಪರ್ಸನಲ್ ಲೋನ್ ತೆಗೆದು ಸ್ವಂತ ಸೌಂಡ್ ಸೆಟ್ ಮಾಡಿಕೊಂಡೆ. ಶೇ 14ರ ಬಡ್ಡಿ, 36 ಕಂತು. ತಿಂಗಳಿಗೆ 8,203. ಮೂರು ವರ್ಷಕ್ಕೆ 2,95,308.

ಅಲ್ಲಿಯತನಕ ನಾನು ಹಾಡುವ ಒಂದೊಂದು ಕಾರ್ಯಕ್ರಮಕ್ಕೂ ಬಾಡಿಗೆ ಸೆಟ್ಟಿಗೆ 5,000 ಕೊಡುತ್ತಿದ್ದೆ. ನಾನೂ ಮಾಡಿದ್ದು ಎಲ್ಲರೂ ಮಾಡುವ ಭಾಗಾಕಾರವೇ: 2,95,308ನ್ನು 5,000ದಿಂದ ಭಾಗಿಸಿ, 59 ಚಿಲ್ಲರೆ. ವರ್ಷಕ್ಕೆ 20 ಕಾರ್ಯಕ್ರಮ ಆದರೆ ಸೆಟ್ಟು ಪುಕ್ಕಟೆ. ಗಣಪತಿ, ರಾಜ್ಯೋತ್ಸವ, ಜಾತ್ರೆ, ಒಂದಷ್ಟು ಮದುವೆ. ಆಗಿಯೇ ಆಗುತ್ತದೆ ಅನ್ನಿಸುವ ಸಂಖ್ಯೆ ಅದು.

ಆದರೆ ಬಾಡಿಗೆಯವನು ಆ 5,000ಕ್ಕೆ ಬರೀ ಪೆಟ್ಟಿಗೆ ಕೊಡುತ್ತಿರಲಿಲ್ಲ. ಗಾಡಿ ಅವನದು, ಹುಡುಗರು ಅವನವರು, ನಡುರಾತ್ರಿ ಮಿಕ್ಸರ್ ಕೈಕೊಟ್ಟರೆ ಬೈಸಿಕೊಳ್ಳುವವನೂ ಅವನೇ. ಸೆಟ್ಟು ನಮ್ಮದಾದ ಮೇಲೆ ಟಾಟಾ ಏಸ್‌ಗೆ 1,500, ಪೆಟ್ಟಿಗೆ ಹೊತ್ತು ವೈರ್ ಎಳೆಯುವ ಹುಡುಗನಿಗೆ 700. ಅಂದರೆ ಉಳಿತಾಯ 5,000 ಅಲ್ಲ, 2,800. ಈಗ ಭಾಗಿಸಿ: 106 ಕಾರ್ಯಕ್ರಮ. ವರ್ಷಕ್ಕೆ 35ರ ಮೇಲೆ. ಕೊನೆಗೆ ಸೆಟ್ಟನ್ನು 80,000ಕ್ಕೆ ಮಾರಿದೆವು ಅಂತಲೇ ಇಟ್ಟುಕೊಳ್ಳೋಣ. ಆಗಲೂ 77 ಬೇಕು, ವರ್ಷಕ್ಕೆ 26. ಸುಟ್ಟುಹೋದ ಸ್ಪೀಕರ್ ಕಾಯಿಲ್, ಇಲಿ ಕಡಿದ ಕೇಬಲ್ ಇದರಲ್ಲಿ ಇಲ್ಲ.

ಕಂತು ನಾನು ತಪ್ಪಿಸಲಿಲ್ಲ. ಆದರೆ ತೀರಿಸಿದ್ದು ನನ್ನ ಹಾಡಲ್ಲ. ಶಾಲಾ ವಾರ್ಷಿಕೋತ್ಸವ, ಭಜನೆ, ಚುನಾವಣೆ ಸಭೆ, ಎಲ್ಲದಕ್ಕೂ ಸೆಟ್ಟು ಬಾಡಿಗೆಗೆ ಹೋಯಿತು, ಜೊತೆಗೆ ನಾನೂ ಹೋದೆ. ಹಾಡು ಕಟ್ಟಬೇಕಾದ ಸಂಜೆಗಳಲ್ಲಿ ‘ಹಲೋ, ಮೈಕ್ ಚೆಕ್’ ಅನ್ನುತ್ತಿದ್ದೆ. ಆ ಮೂರು ವರ್ಷದಲ್ಲಿ ಬರೆದ ಹೊಸ ಹಾಡು ತೀರಾ ಕಡಿಮೆ. ಇದನ್ನು ಯಾವ ಕಾಲಂನಲ್ಲಿ ಬರೆಯಬೇಕೋ ಗೊತ್ತಿಲ್ಲ.

ನಮ್ಮೂರು ಮಲೆಬೆನ್ನೂರಿನಲ್ಲಿ ಸ್ಟೇಜಿನ ದುಡ್ಡು ಬರುವುದು ಗದ್ದೆಯಿಂದ. ನಮ್ಮದು ಭದ್ರಾ ನಾಲೆಯ ಕೊನೆಭಾಗ. 2023ರಲ್ಲಿ ಡ್ಯಾಂ ತುಂಬಲಿಲ್ಲ, ಮುಂದಿನ ಬೇಸಿಗೆ ಭತ್ತಕ್ಕೆ ನೀರು ಸಿಗಲಿಲ್ಲ. ಜಾತ್ರೆ ನಿಲ್ಲಲಿಲ್ಲ, ತೇರೂ ಎಳೆದರು. ಕೈಬಿಟ್ಟಿದ್ದು ಆರ್ಕೆಸ್ಟ್ರಾ ಮಾತ್ರ. ಆಷಾಢ ಹೇಗೂ ಖಾಲಿ. ಬ್ಯಾಂಕಿಗೆ ಆಷಾಢವೂ ಇಲ್ಲ, ನಾಲೆ ಸರದಿಯೂ ಇಲ್ಲ, 5ನೇ ತಾರೀಕು ಅಂದರೆ 5ನೇ ತಾರೀಕು. ನಾಲ್ಕು ಕಂತಿನ ದುಡ್ಡು, ಅಂದರೆ 32,812, ಮೊದಲೇ ಬೇರೆ ಖಾತೆಯಲ್ಲಿ ಇಡಲಾಗದವರು ಇಂಥ ಸಾಲದ ಹತ್ತಿರ ಸುಳಿಯಬಾರದು.

ಇನ್ನು ‘ಪ್ರಮೋಷನ್ ಪ್ಯಾಕೇಜ್’. ಇಷ್ಟು ಕೊಡಿ, ಲಕ್ಷ ವ್ಯೂಸ್ ತರಿಸುತ್ತೇವೆ ಅಂತ ಫೋನ್ ಮಾಡುತ್ತಾರಲ್ಲ, ಅದು. ಯಾರ ವ್ಯೂಸ್ ಅಂತ ಕೇಳಿದರೆ ಉತ್ತರವಿಲ್ಲ. ದುಡ್ಡು ಕೊಟ್ಟು ತರಿಸಿದ ನಕಲಿ ಕೇಳುಗರು ಯೂಟ್ಯೂಬ್ ನಿಯಮಕ್ಕೂ ವಿರುದ್ಧ, ಸ್ಪಾಟಿಫೈ ನಿಯಮಕ್ಕೂ ವಿರುದ್ಧ, ಹಾಡನ್ನೇ ಕಿತ್ತುಹಾಕಬಹುದು. ಸ್ಪಾಟಿಫೈನಲ್ಲಂತೂ 2024ರಿಂದ, ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿ ಲೆಕ್ಕಕ್ಕೇ ಬರುವುದಿಲ್ಲ. ಬೆಂಗಳೂರಿನ ಗಾಯಕ ರಘು ದೀಕ್ಷಿತ್ ಕೂಡ ನಿಂತಿದ್ದು ಸ್ಟೇಜಿನ ಮೇಲೆ. ಮತ್ತೆ ಫೋನ್ ಬಂದರೆ ಕಟ್ ಮಾಡಿ, ಅದರ ಬಗ್ಗೆ ಇನ್ನು ಮಾತಿಲ್ಲ.

ಇನ್ನು ಹಾಡಿನ ಹಕ್ಕಿನ ಮಾತು. ನಮ್ಮೂರ ಮಗ್ಗುಲಿನ ಕೊಮಾರನಹಳ್ಳಿಯ ಹೆಳವನಕಟ್ಟೆ ಗಿರಿಯಮ್ಮ 18ನೇ ಶತಮಾನದಾಕೆ. ಹಾಡುಗಳಿಗೆ ಹೆಳವನಕಟ್ಟೆ ರಂಗನ ಅಂಕಿತ ಇಟ್ಟಳು, ಇವತ್ತಿಗೂ ಯಾರ ಬಾಯಲ್ಲಿ ಬಂದರೂ ಆಕೆಯ ಹಾಡೇ. ಆಕೆಗೆ ಅಂಕಿತವೇ ಸಾಕಾಯಿತು, ನಮಗೆ ಕಾಗದ ಬೇಕು. ‘ಒಂದೇ ಸಲ ಪೇಮೆಂಟ್, ಮುಂದೆ ಹಕ್ಕಿಲ್ಲ’ ಅಂತ ಮ್ಯೂಸಿಕ್ ಕಂಪನಿಯವರು ಕೊಡುವ ಅಗ್ರಿಮೆಂಟಿಗೆ ಸಹಿ ಹಾಕುವ ಮುಂಚೆ ತಿಳಿದಿರಲಿ: 2012ರ ಕಾಪಿರೈಟ್ ತಿದ್ದುಪಡಿಯಾದ ಮೇಲೆ ಸಾಹಿತ್ಯ ಬರೆದವರ, ರಾಗ ಹಾಕಿದವರ ರಾಯಲ್ಟಿ ಪಾಲನ್ನು ಕಂಪನಿಗೆ ಬಿಟ್ಟುಕೊಡಲು ಬರುವುದಿಲ್ಲ. ಆ ಪಾಲು ಕೈಗೆ ಬರಬೇಕಾದರೆ ರಾಯಲ್ಟಿ ವಸೂಲಿ ಮಾಡಿ ಹಂಚುವ ಸಂಸ್ಥೆ ಐಪಿಆರ್‌ಎಸ್‌ನ ಸದಸ್ಯರಾಗಿ ಹಾಡುಗಳನ್ನು ನೋಂದಾಯಿಸಬೇಕು. ನಮ್ಮ ಕಡೆ ಹಾಡು ಕಟ್ಟುವವರಿಗೆ ಈ ಒಂದು ಸಂಜೆಯ ಕೆಲಸಕ್ಕೆ ಪುರುಸೊತ್ತಿಲ್ಲ, ಹೊಸ ಕೀಬೋರ್ಡ್ ನೋಡಲು ದಾವಣಗೆರೆಗೆ ಹೋಗಿಬರಲು ಇದೆ.

ದುಡ್ಡಿನ ಅಭ್ಯಾಸದ ಮಾತನ್ನೂ ಹೇಳಿಯೇಬಿಡುತ್ತೇನೆ. ಗಣಪತಿ ಕಮಿಟಿಯವರು ಕೊಡುವ ಕವರಿನಲ್ಲಿ ಪಟ್ಟಿ ಎತ್ತಿದ ಹತ್ತು, ಇಪ್ಪತ್ತರ ನೋಟು, ರಬ್ಬರ್ ಬ್ಯಾಂಡ್ ಹಾಕಿದ ಕಟ್ಟು, ಅಲ್ಲಲ್ಲಿ ಕುಂಕುಮ ಹತ್ತಿದ್ದು. ಆ ಕಟ್ಟು ಬಿಚ್ಚಿದರೆ ಮುಗಿಯಿತು, ಬಸ್ ಸ್ಟ್ಯಾಂಡ್ ದಾಟುವಷ್ಟರಲ್ಲಿ ಟೀ, ಎಗ್‌ರೈಸ್, ಪೆಟ್ರೋಲ್ ಅಂತ ಕರಗುತ್ತದೆ. ಬಿಚ್ಚದೆ ಬೆಳಿಗ್ಗೆ ಬ್ಯಾಂಕಿಗೆ ಕಟ್ಟಿ. ಮುಂಗಡ ಇಸಿದುಕೊಳ್ಳದೆ ತಾರೀಕು ಕೊಡಬೇಡಿ. ‘ನಮ್ಮವರೇ ಅಲ್ಲೇನ್ರಿ’ ಅನ್ನುವವರ ಹತ್ತಿರವಂತೂ ಮೊದಲು ಇಸಿದುಕೊಳ್ಳಿ.

ಇಷ್ಟೆಲ್ಲ ಬರೆಯಲು ಕಾರಣ ಹರಿಹರದ ಕಡೆಯ ಒಬ್ಬ ಹುಡುಗ. ಎರಡು ಸಿನಿಮಾ ಹಾಡಿನ ನಡುವೆ ತನ್ನದೊಂದು ಸೇರಿಸಿ ಜನರನ್ನು ಕೂರಿಸಬಲ್ಲವನು. ‘ಅಣ್ಣಾ, ಸೆಟ್ ತಗೊಂಡ್ಬಿಡ್ಲಾ?’ ಅಂದ. ಒಳ್ಳೆಯ ಮೈಕೊಂದು, ಸಣ್ಣ ಮಿಕ್ಸರೊಂದು ಕೊಳ್ಳು, ಮಿಕ್ಕಿದ್ದು ಬಾಡಿಗೆ ತಗೋ ಅಂದೆ. ‘ಹಂಗಾದ್ರೆ ನಿಮ್ದೇ ಕೊಡ್ರಿ’ ಅಂದ. ನಾನು 5,000 ಹೇಳಿದ್ದೇನೆ, ಗಾಡಿ ಸೇರಿ. ಅವನು 4,000ಕ್ಕೆ ನಿಂತಿದ್ದಾನೆ.